ಬಾಚಿಯ ಗುರುವನ್ನು ಅರಸಿ ಹೋದವನು

ಲಿಪಿಯಿಲ್ಲದ ಜನಾಂಗಕ್ಕೆ ಇತಿಹಾಸವಿಲ್ಲವೆಂದು ಭಾವಿಸುವವರುಂಟು. ಅಕ್ಷರದ ಅಭಿಮಾನವು ಓದಿದವರಲ್ಲಿ ಬೆಳೆಸುವ ತಪ್ಪು ತಿಳಿವಳಿಕೆಗಳಲ್ಲಿ ಇದೂ ಒಂದು. ದಕ್ಷಿಣ ಶಾಂತಸಾಗರದ ನ್ಯೂಜಿಲೆಂಡ್ ದ್ವೀಪಗಳ ಮೂಲನಿವಾಸಿಗಳಾದ ಮಾವೋರಿ ಜನರು ಹತ್ತೊಂಬತ್ತನೆಯ ಶತಮಾನದವರೆಗೆ ಲಿಪಿಯನ್ನು ಅರಿತವರಲ್ಲ. ಆದರೆ ಅವರಿಗೆ ಮರವಿತ್ತು, ಕಲ್ಲಿತ್ತು, ಎಲುಬಿತ್ತು. ಅವುಗಳ ಮೇಲೆ ತಮ್ಮ ಪೂರ್ವಜರನ್ನೂ ವಂಶಾವಳಿಯನ್ನೂ ದೇವತೆಗಳನ್ನೂ ಮೂಡಿಸಿ ಇಡಬಲ್ಲ ಕೈಯಿತ್ತು. ಈ ಕೆತ್ತನೆಯ ಕಲೆಗೆ ಅವರ ನುಡಿಯಲ್ಲಿ ‘ಫಕೈರೊ’ ಎಂದು ಹೆಸರು. ಅದರಲ್ಲಿ ಪಾರಂಗತನಾದವನನ್ನು ‘ತೊಹುಂಗ’ ಎಂದು ಕರೆಯುತ್ತಾರೆ. ತೊಹುಂಗನೆಂದರೆ ಬರಿಯ ಕಸುಬುದಾರನಲ್ಲ. ಮಂತ್ರವನ್ನು ಬಲ್ಲವನು, ಕುಲದ ಕಥೆಯನ್ನು ಬಲ್ಲವನು, ಯಾವ ಪೂರ್ವಜನ ಪಕ್ಕದಲ್ಲಿ ಯಾವ ಪೂರ್ವಜನನ್ನು ನಿಲ್ಲಿಸಬೇಕೆಂಬುದನ್ನು ಬಲ್ಲವನು.

ಈ ಕಲೆ ಮನುಷ್ಯರಿಗೆ ದೊರೆತ ಬಗೆಯನ್ನು ಕುರಿತು ನ್ಯೂಜಿಲೆಂಡಿನ ಉತ್ತರ ದ್ವೀಪದ ಪೂರ್ವ ಕರಾವಳಿಯ ಜನರಲ್ಲಿ ಒಂದು ಕಥೆಯುಂಟು. ಕಡಲಿನ ಅಧಿದೇವತೆಯಾದ ತಂಗರೋವನು ರುವಾತೆಪುಪುಕೆ ಎಂಬವನ ಮಗನನ್ನು ಅಪಹರಿಸಿ, ಸಮುದ್ರದ ತಳದಲ್ಲಿದ್ದ ತನ್ನ ಮನೆಯ ಮುಂದಲೆಯ ಮೇಲೆ ಗೊಂಬೆಯಂತೆ ನಿಲ್ಲಿಸಿಬಿಟ್ಟನು. ತಂದೆಯು ಮಗನನ್ನು ಹುಡುಕುತ್ತ ಕಡಲಿಗಿಳಿದನು. ಆ ಮನೆಯನ್ನು ಸಮೀಪಿಸಿದಾಗ ಒಳಗಿನಿಂದ ಮಾತುಕತೆ ಕೇಳಿಬರುತ್ತಿತ್ತು. ಮಾತನಾಡುತ್ತಿದ್ದವರು ಮನುಷ್ಯರಲ್ಲ, ಕೆತ್ತಿದ ಕಂಬಗಳು! ರುವಾತೆಪುಪುಕೆಯು ಸಿಟ್ಟಿನಿಂದ ಆ ಮನೆಗೆ ಬೆಂಕಿಯಿಟ್ಟು ಮಗನನ್ನು ಬಿಡಿಸಿಕೊಂಡನು. ಹಿಂದಿರುಗುವಾಗ ಮೊಗಸಾಲೆಯ ಕೆಲವು ಕೆತ್ತನೆಗಳನ್ನು ಕಿತ್ತುಕೊಂಡು ಬಂದನು. ಆದರೆ ಮಾತು ಬಲ್ಲ ಕಂಬಗಳೆಲ್ಲ ಒಳಗಿದ್ದವು, ಬೆಂಕಿಯಲ್ಲಿ ಬೂದಿಯಾದವು. ಅವನು ತಂದ ಮೊಗಸಾಲೆಯ ಕಂಬಗಳು ಮೂಕವಾಗಿದ್ದವು. ಆದುದರಿಂದಲೇ ಭೂಮಿಯ ಮೇಲಿನ ಕೆತ್ತನೆಗಳು ಮಾತನಾಡುವುದಿಲ್ಲವಂತೆ.

ಕಥೆ ಸರಳವಾದುದು. ಆದರೆ ಮುಂದೆ ಈ ಜನರ ಬಾಳಿನಲ್ಲಿ ನಡೆದುದನ್ನು ಬಲ್ಲವರಿಗೆ ಅದು ಬರಿಯ ಕಥೆಯಾಗಿ ತೋರದು. ರೂಪ ಕೈಗೆ ಸಿಕ್ಕಿ ಮಾತು ಸುಟ್ಟುಹೋಗುವ ಸಂಕಟವನ್ನು ಅವರು ಮತ್ತೊಮ್ಮೆ, ಈ ಸಲ ಹಗಲು ಬೆಳಕಿನಲ್ಲಿ, ಅನುಭವಿಸಬೇಕಾಯಿತು.

ಮೊದಲು ಅವರ ಸಾಮಗ್ರಿಗಳ ವಿಷಯ. ಯುರೋಪಿಯನ್ನರು ಬರುವ ಮುನ್ನ ಮಾವೋರಿಗಳು ಲೋಹವನ್ನು ಕಂಡವರಲ್ಲ. ಮರವನ್ನು ಕೆತ್ತಲು ಅವರಿಗಿದ್ದುದು ಕಲ್ಲಿನ ಬಾಚಿ, ಕಲ್ಲಿನ ಉಳಿ, ಮರದ ಕೊಡತಿ. ಕೆತ್ತನೆಗೆ ಹೆಚ್ಚಾಗಿ ಬಳಸುತ್ತಿದ್ದುದು ತೋತರ ಎಂಬ ಮರ. ಎಳೆ ನೇರ, ಉಳಿಗೆ ಒಗ್ಗುವಂಥದು, ಬಾಳಿಕೆ ಬಹಳ. ಮರವನ್ನು ಉರುಳಿಸುವ ಮೊದಲು ಅರಣ್ಯದ ದೇವತೆಯಾದ ತಾನೆಯ ಅಪ್ಪಣೆ ಪಡೆಯಬೇಕು. ಹಾಗೆ ಪಡೆಯದೆ ಕಡಿದ ರಾತ ಎಂಬ ವೀರನ ಮರವು ಮರುದಿನ ಬೆಳಗಾಗುವಷ್ಟರಲ್ಲಿ ಮತ್ತೆ ಎದ್ದು ನಿಂತಿತ್ತೆಂದು ಅವರ ಪುರಾಣ ಹೇಳುತ್ತದೆ. ಕೆತ್ತುವಾಗ ಏಳುವ ಚಕ್ಕೆಗಳನ್ನು ಬಾಯಿಂದ ಊದಿ ಹಾರಿಸಬಾರದು. ಅಡುಗೆಯ ಒಲೆಗೆ ಅವುಗಳನ್ನು ಹಾಕಬಾರದು. ಪೂರ್ವಜನ ದೇಹದಿಂದ ಬಿದ್ದ ಚೂರಿಗೆ ಸಲ್ಲುವ ಮಡಿ ಅದು.

ಕಲ್ಲೆಂದರೆ ಮುಖ್ಯವಾಗಿ ‘ಪೌನಮು’ ಎಂಬ ಹಸಿರುಕಲ್ಲು. ಇದು ದೊರೆಯುವುದು ದಕ್ಷಿಣ ದ್ವೀಪದಲ್ಲಿ. ಪಶ್ಚಿಮ ಕರಾವಳಿಯ ಅರಾಹುರ ನದಿಯ ಪಾತ್ರ ಇದಕ್ಕೆ ಹೆಸರಾದುದು. ಆ ದ್ವೀಪಕ್ಕೇ ‘ತೆ ವೈಪೌನಮು’ ಎಂದು ಹಸಿರುಕಲ್ಲಿನ ಹೆಸರಿದೆ. ಈ ಕಲ್ಲು ಸುಲಭವಾಗಿ ಒಡೆಯದು, ಉಳಿಯ ಏಟಿಗೆ ಚಕ್ಕೆಯಾಗಿ ಏಳದು. ಅದನ್ನು ತೇದೇ ಮಣಿಸಬೇಕು. ಮರಳುಗಲ್ಲಿನ ತೆಳುವಾದ ಹಲ್ಲೆಯನ್ನು ಗರಗಸದಂತೆ ಹಿಡಿದು, ನೀರೆರೆಯುತ್ತ, ಒಂದು ಬದಿಯಿಂದ ಗೀರಿ ಮತ್ತೆ ಇನ್ನೊಂದು ಬದಿಯಿಂದ ಗೀರಿ, ನಡುವೆ ತೆಳುವಾದ ಪದರ ಉಳಿದಾಗ ಮುರಿಯುತ್ತಿದ್ದರು. ತೂತು ಕೊರೆಯಲು ಹುರಿಯಿಂದ ತಿರುಗಿಸುವ ಕಲ್ಲುಮೊನೆಯ ಬೈರಿಗೆ. ಕೊರಳಲ್ಲಿ ಧರಿಸುವ ‘ಹೇ ತಿಕಿ’ ಎಂಬ ಪುಟ್ಟ ಮಾನವಾಕೃತಿಯೊಂದಕ್ಕೆ ತಿಂಗಳುಗಟ್ಟಲೆ ದುಡಿಮೆ ಬೇಕಾಗುತ್ತಿತ್ತು. ಇಂಥ ಒಡವೆಗಳಿಗೆ ಮನುಷ್ಯರಂತೆ ಹೆಸರಿಡುತ್ತಿದ್ದರು. ತಲೆಮಾರಿನಿಂದ ತಲೆಮಾರಿಗೆ ಒಪ್ಪಿಸುತ್ತಿದ್ದರು. ಬಹುಕಾಲ ಹೋರಾಡಿದ ಕುಲಗಳ ನಡುವೆ ಶಾಶ್ವತವಾದ ಸಂಧಿ ಏರ್ಪಟ್ಟರೆ ಅದನ್ನು ‘ಹಸಿರುಕಲ್ಲಿನ ಬಾಗಿಲು’ ಎಂದು ಕರೆಯುವುದು ಅವರ ನುಡಿಗಟ್ಟು. ಮುರಿಯದ ವಸ್ತುವಿನ ಹೆಸರು ಮುರಿಯದ ಮಾತಿಗೆ ಬಂದಿತು.

ಮೂರನೆಯದು ಎಲುಬು. ಮೊದಮೊದಲು ಈಗ ಅಳಿದುಹೋಗಿರುವ ಮೋವ ಎಂಬ ಮಹಾಪಕ್ಷಿಯ ಎಲುಬು. ಅನಂತರ ದಡಕ್ಕೆ ಬಿದ್ದ ತಿಮಿಂಗಿಲದ ಎಲುಬು ಮತ್ತು ಹಲ್ಲು. ಇವುಗಳಿಂದ ಮೀನಿನ ಗಾಳ, ಪದಕ, ಕೈಗದೆ ಇವೆಲ್ಲ ಆಗುತ್ತಿದ್ದವು. ವೈರಿಯ ಎಲುಬಿನಿಂದ ಗಾಳ ಮಾಡಿ ಅವಮಾನ ತೀರಿಸಿಕೊಂಡುದೂ ಉಂಟು. ಈ ಕಲೆಯ ಹಿಂದೆ ಭಕ್ತಿ ಮಾತ್ರವೇ ಇತ್ತೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು; ಪ್ರೀತಿಯಂತೆ ಹಗೆಯೂ ಅದರಲ್ಲಿ ಅಚ್ಚಾಗಿದೆ.

ಆದರೆ ಮಾವೋರಿ ಕೆತ್ತನೆಯ ಪೂರ್ಣರೂಪವನ್ನು ಕಾಣಬೇಕಾದರೆ ಅವರ ಸಭಾಮನೆಯೊಳಗೆ ಕಾಲಿಡಬೇಕು. ಅದಕ್ಕೆ ‘ಫರೆನುಯಿ’, ಎಂದರೆ ದೊಡ್ಡ ಮನೆ ಎಂದು ಹೆಸರು. ಅದು ಮನೆಯೂ ಹೌದು, ಒಬ್ಬ ಪೂರ್ವಜನ ದೇಹವೂ ಹೌದು. ಮುಂದಲೆಯ ತುದಿಯ ಮೂರ್ತಿಯೇ ಅವನ ತಲೆ. ಎರಡು ಕಡೆಗೂ ಇಳಿದುಬಂದ ಹಲಗೆಗಳೇ ಚಾಚಿದ ತೋಳುಗಳು. ಅವುಗಳ ಕೊನೆಯೇ ಬೆರಳುಗಳು. ಒಳಗಿನ ನಡುತೊಲೆಯು ಬೆನ್ನೆಲುಬು, ಜಂತೆಗಳು ಪಕ್ಕೆಲುಬು, ನಡುಗಂಬವು ಹೃದಯ. ಗೋಡೆಗಳ ಉದ್ದಕ್ಕೂ ನಿಂತ ಕೆತ್ತನೆಯ ಹಲಗೆಗಳಲ್ಲಿ ಕುಲದ ಹಿರಿಯರು ಒಬ್ಬೊಬ್ಬರಾಗಿ ಮುತ್ತುಚಿಪ್ಪಿನ ಕಣ್ಣು ತೆರೆದು ನೋಡುತ್ತಿರುತ್ತಾರೆ. ಅತಿಥಿಯಾಗಿ ಬಂದವನು ಭಾಷಣಕ್ಕೆ ನಿಂತಾಗ ಎದುರಿಗಿರುವ ಜನರಿಗೆ ಹೇಗೋ ಹಾಗೆಯೇ ಮನೆಗೂ ವಂದಿಸುತ್ತಾನೆ. ಆ ಮನೆಯಲ್ಲಿ ಮಲಗುವ ಮಗುವು ಅಜ್ಜನ ಮಡಿಲಿನಲ್ಲೇ ಮಲಗಿದಂತೆ.

ಇಂಥ ಮನೆಗಳಲ್ಲಿ ಬಹು ಪ್ರಸಿದ್ಧವಾದುದು ‘ತೆ ಹೌ ಕಿ ತುರಂಗ’. ಪೂರ್ವ ಕರಾವಳಿಯ ರೊಂಗೊಫಕಾತ ಕುಲದ ನಾಯಕನೂ ಮಹಾಶಿಲ್ಪಿಯೂ ಆದ ರಾಹರುಹಿ ರುಕುಪೋ ಎಂಬವನು ತೀರಿಹೋದ ತನ್ನ ಅಣ್ಣನ ನೆನಪಿಗಾಗಿ ೧೮೪೦ರ ದಶಕದ ಆರಂಭದಲ್ಲಿ ಇದನ್ನು ಕಟ್ಟಿಸಿದನು. ಆ ವೇಳೆಗೆ ಉಕ್ಕಿನ ಉಳಿಗಳು ಬಂದಿದ್ದವು. ಹಳೆಯ ಕಲೆಯ ಕೈಗೆ ಹೊಸ ಹತಾರ ಸಿಕ್ಕಿ ಕೆತ್ತನೆಗೆ ಅದುವರೆಗೆ ಕಾಣದ ನಯವೂ ಸೊಂಪೂ ಬಂದಿತು. ಆದರೆ ೧೮೬೦ರ ದಶಕವು ಆ ನಾಡಿಗೆ ಯುದ್ಧದ ದಶಕವಾಯಿತು. ವಸಾಹತು ಸರ್ಕಾರವು ಅಪಾರ ಭೂಮಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ೧೮೬೭ರಲ್ಲಿ ಸರ್ಕಾರದ ಆಳುಗಳು ಬಂದು ಈ ಮನೆಯನ್ನು ಬಿಚ್ಚಿ, ಕೆತ್ತನೆಗಳನ್ನು ಹಡಗಿಗೇರಿಸಿ ವೆಲಿಂಗ್ಟನ್ನಿನ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. ರುಕುಪೋ ತನ್ನ ಜನರೊಡನೆ ಸಂಸತ್ತಿಗೆ ಮನವಿ ಸಲ್ಲಿಸಿದನು. ಮನೆ ಹಿಂದಿರುಗಲಿಲ್ಲ. ೧೮೭೩ರಲ್ಲಿ ಅವನು ಕಣ್ಣುಮುಚ್ಚಿದನು.

ಮನೆ ಹೋದರೆ ಮತ್ತೊಂದು ಮನೆಯನ್ನು ಕಟ್ಟಬಹುದು. ಕಟ್ಟುವ ಕೈಯೇ ಹೋದರೆ? ಹತ್ತೊಂಬತ್ತನೆಯ ಶತಮಾನದ ಕೊನೆಗೆ ಎದುರಾದುದು ಈ ಪ್ರಶ್ನೆ. ಯುದ್ಧ, ರೋಗ, ನೆಲದ ನಷ್ಟ ಇವುಗಳಿಂದ ಬಳಲಿ ಮಾವೋರಿಗಳ ಸಂಖ್ಯೆಯು ೧೮೯೬ರ ಜನಗಣತಿಯಲ್ಲಿ ಸುಮಾರು ೪೨ ಸಾವಿರಕ್ಕೆ ಇಳಿಯಿತು. ಈ ಜನಾಂಗ ಇನ್ನು ಅಳಿದೇ ಹೋಗುವುದೆಂದು ನಂಬಿದ ಬಿಳಿಯರು ಅನೇಕರಿದ್ದರು. ಪೂರ್ವಜರ ನಗ್ನಮೂರ್ತಿಗಳನ್ನು ಕಂಡು ಪಾದ್ರಿಗಳು ಮುಖ ತಿರುಗಿಸಿದ್ದರು. ಮಾವೋರಿ ಮಕ್ಕಳಿಗಾಗಿ ತೆರೆದ ಶಾಲೆಗಳಲ್ಲಿ ಇಂಗ್ಲಿಷೇ ಮಾಧ್ಯಮವಾಗಿ, ಮನೆಯ ಮಾತನಾಡಿದ ಮಕ್ಕಳು ಏಟು ತಿಂದುದುಂಟು. ಕೆತ್ತನೆಯನ್ನು ಬಲ್ಲ ಮುದುಕರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದರು. ಅವರ ಬಳಿ ಕುಳಿತು ಕಲಿಯುವ ಹುಡುಗರು ವಿರಳವಾಗಿದ್ದರು.

ಆಗ ಎದ್ದುನಿಂತವರಲ್ಲಿ ಪ್ರಮುಖರು ಆಪಿರಾನ ಙತಾ. (ಕನ್ನಡ ವರ್ಣಮಾಲೆಯಲ್ಲಿ ಮಕ್ಕಳು ಬಾಯಿಪಾಠ ಮಾಡಿ ಬಳಿಕ ಮರೆತುಬಿಡುವ ಙಕಾರವು ಮಾವೋರಿ ನುಡಿಯಲ್ಲಿ ಪದದ ಮೊದಲಿಗೇ ನಿಂತು ದಿನವೂ ಕೇಳಿಬರುತ್ತದೆ.) ೧೮೭೪ರಲ್ಲಿ ಹುಟ್ಟಿದ ಅವರು ನ್ಯೂಜಿಲೆಂಡಿನ ವಿಶ್ವವಿದ್ಯಾಲಯದಿಂದ ಪದವಿ ಪಡೆದ ಮೊದಲ ಮಾವೋರಿ, ೧೯೦೫ರಿಂದ ೧೯೪೩ರವರೆಗೆ ಸಂಸತ್ತಿನ ಸದಸ್ಯರು. ಹೊಸ ವಿದ್ಯೆಯಲ್ಲಿ ಮುಳುಗಿ ಎದ್ದ ಈ ಮಹನೀಯರಿಗೆ ಹಳೆಯ ವಿದ್ಯೆಯ ಬೆಲೆ ಗೊತ್ತಿತ್ತು. ಅವರ ಪ್ರಯತ್ನದಿಂದ ೧೯೨೬ರಲ್ಲಿ ಕಾಯಿದೆಯೊಂದು ಅಂಗೀಕೃತವಾಗಿ, ಮರುವರ್ಷ ರೊಟೊರುವ ಪಟ್ಟಣದಲ್ಲಿ ಮಾವೋರಿ ಕಲೆಗಳ ಶಾಲೆ ತೆರೆಯಿತು. ಅಪಹರಿಸಿ ತಂದಿದ್ದ ‘ತೆ ಹೌ ಕಿ ತುರಂಗ’ವನ್ನೇ ಙತಾ ಅವರು ಕೆತ್ತನೆಗೆ ಮೇಲ್ಪಂಕ್ತಿಯಾಗಿ ಎಣಿಸಿದರು. ಕಳೆದುಕೊಂಡ ಮನೆಯೇ ಪಠ್ಯಪುಸ್ತಕವಾಯಿತು.

ಆ ಶಾಲೆಗೆ ಬಂದ ತರುಣರಲ್ಲಿ ಪಿನೆ ತೈಯಾಪ ಒಬ್ಬನು. ಪೂರ್ವ ಕರಾವಳಿಯ ತಿಕಿತಿಕಿ ಎಂಬಲ್ಲಿ ೧೯೦೧ರಲ್ಲಿ ಹುಟ್ಟಿದವನು. ಮೊದಲ ಮಹಾಯುದ್ಧದಲ್ಲಿ ಮಡಿದ ಮಾವೋರಿ ಯೋಧರ ಸ್ಮಾರಕವಾಗಿ ಅವನ ಊರಿನಲ್ಲೇ ಒಂದು ಚರ್ಚನ್ನು ಕಟ್ಟುತ್ತಿದ್ದಾಗ, ಅಲ್ಲಿ ದುಡಿಯುತ್ತಿದ್ದ ಹೋನೆ ಙಾತೊತೊ ಎಂಬ ಹಿರಿಯ ಶಿಲ್ಪಿಯ ಬಳಿ ಉಳಿ ಹಿಡಿದವನು. ಶಾಲೆಯಲ್ಲಿ ಅವನಿಗೆ ಯಾವ ಕೊರತೆಯೂ ಇರಬಾರದಿತ್ತು. ಹತಾರಗಳಿದ್ದವು, ಮರವಿತ್ತು, ಮಾದರಿಗಳಿದ್ದವು. ಜರೀಗಿಡದ ಎಲೆಯ ಸಾಲು, ಸುರುಳಿಬಿಟ್ಟ ಕುಡಿ ಮೊದಲಾದ ಎಲ್ಲ ವಿನ್ಯಾಸಗಳನ್ನೂ ಉಳಿಯಿಂದ ಬಿಡಿಸಬಹುದಿತ್ತು. ಆದರೂ ಹಳೆಯ ಮನೆಗಳ ಕಂಬದ ಮುಂದೆ ನಿಂತಾಗ ಅವನ ಮನಸ್ಸಿಗೆ ಸಮಾಧಾನವಿರಲಿಲ್ಲ. ಅಲ್ಲಿದ್ದುದು ಇಲ್ಲಿಲ್ಲ. ಅಲ್ಲಿನ ಪೂರ್ವಜನು ಮರದೊಳಗಿಂದ ಮೈಮುರಿದು ಎದ್ದುಬರುವಂತಿದ್ದಾನೆ; ಇಲ್ಲಿ ಮರದ ಮೇಲೆ ಅಲಂಕಾರವಿದೆ, ಅಷ್ಟೆ.

ವ್ಯತ್ಯಾಸದ ಮೂಲ ಬಾಚಿಯಲ್ಲಿತ್ತು. ಬಾಚಿಯ ಅಲಗು ಹಿಡಿಗೆ ಅಡ್ಡವಾಗಿರುತ್ತದೆ. ಅದನ್ನು ಬೀಸುವಾಗ ಭುಜ, ಸೊಂಟ, ಕಾಲು ಎಲ್ಲವೂ ಒಂದೇ ಲಯಕ್ಕೆ ಬರಬೇಕು. ದಿಮ್ಮಿಯಿಂದ ತಲೆ, ತೋಳು, ಹೊಟ್ಟೆಗಳ ತೋರವನ್ನು ಬಿಡಿಸುವುದು ಬಾಚಿಯ ಕೆಲಸ; ಆ ಮೈಯ ಮೇಲೆ ಚಿತ್ತಾರ ಬರೆಯುವುದು ಉಳಿಯ ಕೆಲಸ. ಉಳಿಯ ವಿದ್ಯೆ ಉಳಿದುಬಂದಿತ್ತು, ಬಾಚಿಯ ವಿದ್ಯೆ ಬಹುಮಟ್ಟಿಗೆ ಮರೆತುಹೋಗಿತ್ತು. ಮುಗಿದ ಕಂಬವನ್ನು ನೋಡಿ ರೂಪವನ್ನು ನಕಲು ಮಾಡಬಹುದು. ಆದರೆ ಏಟು ಎಲ್ಲಿಂದ ಬಿತ್ತು, ಯಾವ ಓರೆಯಲ್ಲಿ ಬಿತ್ತು, ಎಷ್ಟಕ್ಕೆ ನಿಂತಿತು ಎಂಬುದನ್ನು ಕಂಬ ಹೇಳುವುದಿಲ್ಲ. ರುವಾತೆಪುಪುಕೆ ತಂದ ಕಂಬಗಳು ಮೂಕವಾದುದು ಈ ಅರ್ಥದಲ್ಲಿ ನಿಜವಾಯಿತು. ವಸ್ತುಸಂಗ್ರಹಾಲಯವು ರೂಪವನ್ನು ಕಾಪಾಡಿತ್ತು; ಕೈಯ ಮಾತನ್ನು ಕಾಪಾಡುವುದು ಅದರ ಶಕ್ತಿಗೆ ಮೀರಿದುದು.

ತೈಯಾಪನು ಈ ಅತೃಪ್ತಿಯನ್ನು ಮುಚ್ಚಿಟ್ಟುಕೊಳ್ಳಲಿಲ್ಲ. ಙತಾ ಅವರೂ ಅದನ್ನು ಶಿಷ್ಯನ ಉದ್ಧಟತನವೆಂದು ತಳ್ಳಿಹಾಕಲಿಲ್ಲ. ಬಾಚಿಯನ್ನು ಬಲ್ಲವರು ಎಲ್ಲಿಯಾದರೂ ಇದ್ದಾರೆಯೇ ಎಂದು ಹುಡುಕುವಂತೆ ಹೇಳಿದರು. ಶಾಲೆಯಲ್ಲಿ ಕಲಿಯುತ್ತಿದ್ದವನು ಶಾಲೆಗೆ ಬೇಕಾದ ಗುರುವನ್ನು ಅರಸಿ ಹೊರಟನು. ‘ಬೇ ಆಫ್ ಪ್ಲೆಂಟಿ’ ಸೀಮೆಯ ತೆ ತೆಕೊ ಎಂಬ ಹಳ್ಳಿಯಲ್ಲಿ ಅವನಿಗೆ ಎರಾಮಿಹ ಕಾಪುವ ಎಂಬ ಹಿರಿಯರು ದೊರೆತರು. ಅವರು ಙಾತಿ ತರಾಫೈ ಕುಲದವರು. ಸರೋವರಗಳ ಸೀಮೆಯ ಆ ಚಿಕ್ಕ ಕುಲವು ಕೆತ್ತನೆಗೇ ಹೆಸರಾದುದು. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಸುತ್ತಲಿನ ಊರುಗಳಿಗೆ ಮನೆಗಳನ್ನು ಕೆತ್ತಿಕೊಟ್ಟ ಮನೆತನಗಳು ಅಲ್ಲಿದ್ದವು. ಹಿರಿಯರ ಬಳಿ ನಿಂತು, ನೋಡಿ, ದುಡಿದು ಕಲಿತ ಬಾಚಿಯ ಬೀಸು ಕಾಪುವ ಅವರ ತೋಳಿನಲ್ಲಿ ಇನ್ನೂ ಜೀವಂತವಾಗಿತ್ತು.

ವಿದ್ಯೆಯೊಂದು ಉಳಿಯುವುದೋ ಅಳಿಯುವುದೋ ಎಂಬುದು ಒಮ್ಮೊಮ್ಮೆ ಎಷ್ಟು ಸಣ್ಣ ಎಳೆಯ ಮೇಲೆ ನಿಂತಿರುತ್ತದೆ! ತರುಣನು ಹುಡುಕಲು ಹೊರಡದೆ ಇದ್ದಿದ್ದರೆ, ಅಥವಾ ಹತ್ತು ವರ್ಷ ತಡವಾಗಿ ಹೊರಟಿದ್ದರೆ, ಶಾಲೆ ಇರುತ್ತಿತ್ತು, ವಿದ್ಯಾರ್ಥಿಗಳಿರುತ್ತಿದ್ದರು, ಪ್ರಮಾಣಪತ್ರಗಳೂ ಇರುತ್ತಿದ್ದವು. ಬಾಚಿ ಮಾತ್ರ ಗೋಡೆಯ ಮೇಲೆ ತೂಗುತ್ತಿತ್ತು. ಕಾಪುವ ಅವರು ರೊಟೊರುವದ ಶಾಲೆಗೆ ಬಂದು ಆಚಾರ್ಯರಾದರು. ವಿದ್ಯಾರ್ಥಿಗಳು ಮೊದಲು ಬಾಚಿಯನ್ನು ಬೀಸುವುದನ್ನು ಕಲಿತರು, ಆಮೇಲೆ ಉಳಿಯ ಸೂಕ್ಷ್ಮವನ್ನು ಅರಿತರು. ಪಿನೆಯ ತಮ್ಮನಾದ ಹೋನೆ ತೈಯಾಪನೂ ಆ ಸಾಲಿನಲ್ಲಿ ಸೇರಿದನು.

ಫಲ ಬೇಗನೆ ಕಾಣಿಸಿತು. ಬ್ರಿಟಿಷ್ ರಾಣಿಯ ಪ್ರತಿನಿಧಿಗೂ ಮಾವೋರಿ ನಾಯಕರಿಗೂ ೧೮೪೦ರ ಫೆಬ್ರವರಿ ೬ರಂದು ಒಪ್ಪಂದವಾದ ವೈತಂಗಿ ಎಂಬ ಸ್ಥಳದಲ್ಲಿ, ಆ ಘಟನೆಯ ನೂರನೆಯ ವರ್ಷದಂದು, ಎಲ್ಲ ಕುಲಗಳಿಗೂ ಸೇರಿದ ಸಭಾಮನೆಯೊಂದು ಉದ್ಘಾಟನೆಯಾಯಿತು. ಅದರ ಕೆತ್ತನೆಯ ಹೊಣೆ ಪಿನೆ ತೈಯಾಪರದು. ಎರಡನೆಯ ಮಹಾಯುದ್ಧದಲ್ಲಿ ಮಾವೋರಿ ಬೆಟಾಲಿಯನ್ನಿನೊಡನೆ ಹೋಗಿ ಬಂದ ಮೇಲೂ ಅವರು ಊರೂರಿನ ಮನೆಗಳಿಗಾಗಿ ದುಡಿದರು, ಕಿರಿಯರಿಗೆ ಕಲಿಸಿದರು. ಮೊದಲ ಶಾಲೆಯು ಯುದ್ಧಕಾಲಕ್ಕೆ ನಿಂತುಹೋದರೂ ೧೯೬೩ರ ಕಾಯಿದೆಯಂತೆ ರೊಟೊರುವದಲ್ಲಿ ಹೊಸ ಸಂಸ್ಥೆ ಹುಟ್ಟಿತು. ೧೯೬೭ರಲ್ಲಿ ಅದರ ಕೆತ್ತನೆಯ ಶಾಲೆ ಆರಂಭವಾದಾಗ ಹೋನೆ ತೈಯಾಪರೇ ಮುಖ್ಯ ಆಚಾರ್ಯರು. ಅಣ್ಣ ೧೯೭೨ರಲ್ಲಿ, ತಮ್ಮ ೧೯೭೯ರಲ್ಲಿ ತೀರಿಕೊಂಡರು. ಆ ಶಾಲೆಯಲ್ಲಿ ಇಂದಿಗೂ ಹುಡುಗರು ಮರದ ಮುಂದೆ ನಿಲ್ಲುತ್ತಾರೆ. ಮರದೊಡನೆ ಹಸಿರುಕಲ್ಲು, ಎಲುಬುಗಳ ಕೆತ್ತನೆಗೂ ಅಲ್ಲಿ ಪಾಠವಿದೆ. ತಿಮಿಂಗಿಲದ ಎಲುಬು ದುರ್ಲಭವಾದುದರಿಂದ ಈಗ ಹೆಚ್ಚಾಗಿ ದನದ ಎಲುಬನ್ನು ಬಳಸುತ್ತಾರೆ. ಕಲ್ಲನ್ನು ತೇಯಲು ಯಂತ್ರಗಳೂ ಬಂದಿವೆ. ಹತಾರ ಬದಲಾದುದಕ್ಕೆ ಯಾರೂ ಅಷ್ಟಾಗಿ ಮರುಗುವುದಿಲ್ಲ. ಕಲ್ಲಿನಿಂದ ಉಕ್ಕಿಗೆ ಬಂದಾಗಲೂ ಕಲೆ ಸಾಯಲಿಲ್ಲ. ಅದು ಸಾಯಹೊರಟುದು ಕಲಿಸುವವನಿಗೂ ಕಲಿಯುವವನಿಗೂ ನಡುವೆ ಬಿರುಕು ಬಿಟ್ಟಾಗ.

ಅಣ್ಣತಮ್ಮಂದಿರು ಕಾಣದೆ ಹೋದ ಒಂದು ಬೆಳಗು ೧೯೮೪ರ ಸೆಪ್ಟೆಂಬರ್ ೧೦ರದು. ಅಂದು ಅರುಣೋದಯದ ಹೊತ್ತಿಗೆ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದ ಬಾಗಿಲಲ್ಲಿ ಮಾವೋರಿ ಹಿರಿಯರು ಮಂತ್ರ ಹೇಳುತ್ತ ‘ತೆ ಮಾವೋರಿ’ ಎಂಬ ಪ್ರದರ್ಶನವನ್ನು ತೆರೆದರು. ಮರ, ಕಲ್ಲು, ಎಲುಬುಗಳ ೧೭೪ ಕೃತಿಗಳು ಅಲ್ಲಿದ್ದವು. ಅವುಗಳನ್ನು ಕಳುಹಿಸುವ ಮೊದಲು ಆಯಾ ಕುಲಗಳ ಸಮ್ಮತಿ ಕೇಳಲಾಯಿತು; ಹಿರಿಯರು ಅವುಗಳ ಜೊತೆಯಲ್ಲೇ ಹೋದರು. ಅದುವರೆಗೆ ಕಾಡುಜನರ ಕುತೂಹಲದ ವಸ್ತುವೆಂದು ಗಾಜಿನ ಪೆಟ್ಟಿಗೆಯಲ್ಲಿ ಕುಳಿತಿದ್ದುದು ಅಂದು ಪೂರ್ವಜರ ಸಭೆಯಾಗಿ ಎದ್ದುನಿಂತಿತು.

ಆಮೇಲೆ ಒಂದೊಂದಾಗಿ ಹೋದವರು ಹಿಂದಿರುಗತೊಡಗಿದರು. ಫಕತಾನೆ ಪಟ್ಟಣದ ಙಾತಿ ಆವ ಕುಲದವರು ೧೮೭೫ರಲ್ಲಿ ತೆರೆದ ‘ಮಾತಾತುವ’ ಎಂಬ ಸಭಾಮನೆಯನ್ನು ೧೮೭೯ರಲ್ಲಿ ಸಿಡ್ನಿಯ ಪ್ರದರ್ಶನಕ್ಕೆ ಒಯ್ದಿದ್ದರು. ಅಲ್ಲಿ ಒಳಗಿನ ಕೆತ್ತನೆಗಳು ಕಾಣಲೆಂದು ಗೋಡೆಗಳನ್ನೇ ಹೊರಮಗ್ಗುಲಿಗೆ ತಿರುಗಿಸಿ ನಿಲ್ಲಿಸಿದರು. ಅಜ್ಜನ ಪಕ್ಕೆಲುಬುಗಳನ್ನು ಮಳೆಬಿಸಿಲಿಗೆ ಒಡ್ಡಿದಂತಾಯಿತು. ಬಳಿಕ ಅದು ಲಂಡನ್ನಿಗೆ ಹೋಯಿತು. ೧೯೨೫ರಲ್ಲಿ ನ್ಯೂಜಿಲೆಂಡಿಗೆ ಮರಳಿದರೂ ಡನೀಡಿನ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲೇ ಉಳಿಯಿತು. ೧೯೯೬ರಲ್ಲಿ ಅದನ್ನು ಕುಲಕ್ಕೆ ಒಪ್ಪಿಸಿದರು. ೨೦೧೧ರ ಸೆಪ್ಟೆಂಬರಿನಲ್ಲಿ ಅದು ತನ್ನೂರಿನಲ್ಲಿ ಮತ್ತೆ ಬಾಗಿಲು ತೆರೆಯಿತು. ಅಷ್ಟು ದೇಶ ಸುತ್ತಿ ಬಂದ ಮನೆಯ ಒಡೆದ, ಕಳೆದ ಭಾಗಗಳನ್ನು ಮತ್ತೆ ಕೂಡಿಸಲು ಕೆತ್ತನೆ ಬಲ್ಲ ಕೈಗಳು ಆಗ ಸಿದ್ಧವಾಗಿದ್ದವು.

ತಾರನಾಕಿ ಸೀಮೆಯ ಮೊತುನುಯಿಯ ಐದು ಹಲಗೆಗಳ ಕಥೆ ಇನ್ನೂ ವಿಚಿತ್ರವಾದುದು. ಕುಲಕಲಹದ ಕಾಲದಲ್ಲಿ ಅವುಗಳನ್ನು ಜೌಗಿನಲ್ಲಿ ಹೂತು ಕಾಪಾಡಿದ್ದರು. ೧೯೭೦ರ ದಶಕದ ಆರಂಭದಲ್ಲಿ ಅವು ಬೆಳಕಿಗೆ ಬಂದವು. ಬಂದೊಡನೆ ಕಳ್ಳದಾರಿಯಿಂದ ದೇಶದಾಚೆಗೆ ಸಾಗಿ ಜಿನೀವದ ಸಂಗ್ರಾಹಕರೊಬ್ಬರ ಪಾಲಾದವು. ನ್ಯೂಜಿಲೆಂಡ್ ಸರ್ಕಾರವು ಲಂಡನ್ನಿನಲ್ಲಿ ವ್ಯಾಜ್ಯ ಹೂಡಿ ೧೯೮೩ರಲ್ಲಿ ಸೋತಿತು. ಆದರೂ ಕೇಳುವುದನ್ನು ಬಿಡಲಿಲ್ಲ. ೨೦೧೪ರಲ್ಲಿ ಹಲಗೆಗಳು ಮರಳಿ ಬಂದವು. ಇನ್ನು ರುಕುಪೋನ ಮನೆ: ೨೦೧೨ರ ಕಾಯಿದೆಯು ‘ತೆ ಹೌ ಕಿ ತುರಂಗ’ದ ಒಡೆತನವನ್ನು ರೊಂಗೊಫಕಾತ ಕುಲಕ್ಕೇ ಮರಳಿಸಿತು. ಮನವಿ ಸಲ್ಲಿಸಿದ್ದು ೧೮೬೭ರಲ್ಲಿ. ಉತ್ತರ ಬರಲು ೧೪೫ ವರ್ಷ ಹಿಡಿಯಿತು. ಹಸಿರುಕಲ್ಲಿನ ವಿಷಯದಲ್ಲೂ ಹಾಗೆಯೇ. ೧೯೯೭ರ ಕಾಯಿದೆಯಂತೆ ದಕ್ಷಿಣ ದ್ವೀಪದ ನೆಲದಲ್ಲಿ ಸಹಜವಾಗಿ ದೊರೆಯುವ ಪೌನಮು ಅಲ್ಲಿನ ಙಾಯಿ ತಾಹು ಕುಲದ ಸ್ವತ್ತಾಯಿತು.

ಹಿಂದಿರುಗಿದ ಈ ವಸ್ತುಗಳನ್ನು ನೋಡಿ ಸಂತೋಷಪಡುವಾಗ ಒಂದು ಮಾತನ್ನು ಮರೆಯಬಾರದು. ಕಾಯಿದೆಯು ಹಲಗೆಯನ್ನು ಮರಳಿಸಬಲ್ಲುದು, ಹಣವು ಮನೆಯನ್ನು ಎತ್ತಿ ನಿಲ್ಲಿಸಬಲ್ಲುದು. ಇವೆರಡೂ ಬೇಕಾದುವೇ; ಙತಾ ಅವರು ಕಾಯಿದೆಯನ್ನು ಮಾಡಿಸಿದರು, ಹಣವನ್ನೂ ಒದಗಿಸಿದರು. ಆದರೆ ಹಲಗೆಯಲ್ಲಿ ಅಡಗಿದ ಏಟಿನ ಓರೆಯನ್ನು ತೋರಿಸಿಕೊಡಲು ತೆ ತೆಕೊ ಹಳ್ಳಿಯ ಮುದುಕರೊಬ್ಬರೇ ಆಗಬೇಕಾಯಿತು. ಅವರನ್ನು ಹುಡುಕಿ ತರಲು, ತಾನು ಕಲಿತುದು ಸಾಲದೆಂದು ಬಲ್ಲ ಶಿಷ್ಯನೊಬ್ಬನು ಬೇಕಾಯಿತು. ಆ ಅತೃಪ್ತಿಗೆ ಕಿವಿಗೊಟ್ಟ ಹಿರಿಯರೊಬ್ಬರು ಬೇಕಾಯಿತು. ಈ ಮೂವರಲ್ಲಿ ಯಾರೊಬ್ಬರು ಇಲ್ಲದಿದ್ದರೂ ಇಂದು ಆ ಮನೆಗಳಲ್ಲಿ ರೂಪವಷ್ಟೇ ಇರುತ್ತಿತ್ತು.

ಕಡಲಿನ ಮನೆ ಸುಟ್ಟಾಗ ಮಾತನಾಡುವ ಕಂಬಗಳೆಲ್ಲ ಹೋದವೆಂದು ಕಥೆ ಹೇಳುತ್ತದೆ. ಆದರೆ ರೊಟೊರುವದ ಶಾಲೆಯಲ್ಲಿ ಆಚಾರ್ಯರು ಹುಡುಗನ ಹಿಂದೆ ನಿಂತು, ಬಾಚಿ ಹಿಡಿದ ಅವನ ಮುಂಗೈಯನ್ನು ತುಸುವೇ ತಿರುಗಿಸಿ, ಹೀಗೆ ಎಂದು ತೋರಿಸುವ ಹೊತ್ತಿನಲ್ಲಿ ಅವುಗಳ ಮಾತು ಮತ್ತೆ ಕೇಳಿಸುತ್ತದೆ. ತೋತರ ಮರದ ಚಕ್ಕೆ ಕಾಲ ಬುಡದಲ್ಲಿ ಬೀಳುತ್ತದೆ. ಹುಡುಗನು ಅದನ್ನು ಊದುವುದಿಲ್ಲ; ಬಾಗಿ, ಕೈಯಿಂದ ಬದಿಗೆ ಸರಿಸಿ, ಮುಂದಿನ ಏಟಿಗೆ ಬಾಚಿಯೆತ್ತುತ್ತಾನೆ.